ರೋಮನ್ನರ ಮಾತೆರ್ ಮಾತೂತಾ ಯಾರು? ಬೆಳಗಿನ ದೇವತೆಯಾ, ತಾಯಂದಿರ ದೇವತೆಯಾ?

ಎರಡೂ ಹೌದು. ಕವಿ ಲುಕ್ರೀಶಿಯಸ್‌ಗೆ ಅವಳು ಆಕಾಶದ ತುಂಬಾ ನಸುಕಿನ ಕೆಂಪು ಹರಡುವವಳು. ಆದರೆ ಹೆಂಗಸರು ಪೂಜಿಸಿದ್ದು ಮಕ್ಕಳನ್ನು ಕಾಯುವ ತಾಯಿ ಅಂತಲೇ. ರೋಮ್‌ನಲ್ಲಿ ಟೈಬರ್ ನದಿ ಹತ್ತಿರದ ದನದ ಸಂತೆಯಲ್ಲಿ ಅವಳ ಗುಡಿ ಇತ್ತು.

ಜೂನ್ 11ಕ್ಕೆ ಮಾತ್ರಾಲಿಯಾ ಹಬ್ಬ. ಅವತ್ತು ಮಡಕೆಯಲ್ಲಿ ಬೇಯಿಸಿದ ರೊಟ್ಟಿಯಂಥ ತಿನಿಸು ನೈವೇದ್ಯ. ವಿಚಿತ್ರ ಅಂದ್ರೆ, ಹೆಂಗಸರು ಒಬ್ಬ ದಾಸಿಯನ್ನು ಒಳಗೆ ಕರೆತಂದು ಹೊಡೆದು ಆಚೆ ಅಟ್ಟುತ್ತಿದ್ದರು, ಪಾಪ, ಮತ್ತು ತಮ್ಮ ಮಕ್ಕಳನ್ನು ಬಿಟ್ಟು ಅಕ್ಕತಂಗಿಯರ ಮಕ್ಕಳಿಗೆ ಒಳ್ಳೇದಾಗಲಿ ಅಂತ ಬೇಡುತ್ತಿದ್ದರು.

ಯಾಕೆ ಹೀಗೆ? ಫ್ರೆಂಚ್ ವಿದ್ವಾಂಸ ಜಾರ್ಜ್ ಡ್ಯುಮೆಜಿಲ್ ಇದಕ್ಕೆ ಋಗ್ವೇದದ ಉಷೆಯನ್ನು ಹೋಲಿಸಿದ. ಹೆಂಗಸರು ದಾಸಿಯನ್ನು ಅಟ್ಟಿದ ಹಾಗೆ ಅಲ್ಲಿ ಉಷೆ ಕತ್ತಲನ್ನು ಓಡಿಸುತ್ತಾಳೆ, ಅವರು ಅಕ್ಕತಂಗಿಯರ ಮಕ್ಕಳಿಗಾಗಿ ಬೇಡಿದ ಹಾಗೆ ತಂಗಿ ರಾತ್ರಿಯ ಜೊತೆ ಸೇರಿ ಒಂದೇ ಮಗುವಿಗೆ ಹಾಲೂಡಿಸುತ್ತಾಳೆ. ಎಲ್ಲರೂ ಒಪ್ಪಿಲ್ಲ, ನನಗಂತೂ ಚೆನ್ನಾಗೇ ಹೊಂದುತ್ತೆ ಅನ್ನಿಸುತ್ತೆ.