ವಿಯೆನ್ನಾದಿಂದ ಒಂದು ದಿನಕ್ಕೆ ಬುಡಾಪೆಸ್ಟ್: ಗೈಡ್ ಜೊತೆ ಹೋಗುವುದು ಸಾರ್ಥಕವೇ?

ಅಪ್ಪ ಅಮ್ಮನೊಂದಿಗೆ ನಾಲ್ವರು ವಿಯೆನ್ನಾದಲ್ಲಿ ಉಳಿದುಕೊಂಡು, ಅಲ್ಲಿಂದ ಒಂದು ದಿನ ಬುಡಾಪೆಸ್ಟ್ ನೋಡಿ ಬರಬೇಕೆಂದಿದ್ದೀರಿ. ವಿಯೆನ್ನಾದಿಂದ ಹೊರಡುವ ಗೈಡ್ ಸಹಿತ ಬಸ್ ಪ್ರವಾಸಕ್ಕೆ ಹಣ ಕಟ್ಟಬೇಕೇ, ಇಲ್ಲ ನೀವೇ ಹೋಗಿ ಸುತ್ತಬೇಕೇ ಎಂದು ಕೇಳಿದ್ದೀರಿ. ನಾನು ವಿಯೆನ್ನಾದಲ್ಲಿ ನೆಲೆಸಿದವನು. ಊರಿನಿಂದ ಬಂದ ಬಂಧುಗಳನ್ನು ಬುಡಾಪೆಸ್ಟ್‌ಗೆ ಕರೆದೊಯ್ಯುವುದು ನಮ್ಮ ಮನೆಯಲ್ಲಿ ರೂಢಿಯೇ ಆಗಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಗೈಡ್ ಖಂಡಿತ ಬೇಕು, ಬಸ್ ಬೇಡ. ರೈಲಿನಲ್ಲಿ ನೀವೇ ಹೋಗಿ. ಅಲ್ಲಿ ಸ್ಥಳೀಯ ಗೈಡ್ ಒಬ್ಬರನ್ನು ಮೂರು ಗಂಟೆಗೆ ಗೊತ್ತುಮಾಡಿಕೊಳ್ಳಿ. ಆ ಮೂರು ಗಂಟೆಯನ್ನು ಡ್ಯಾನ್ಯೂಬ್ ನದಿಯ ಆಸುಪಾಸಿನಲ್ಲೇ ಕಳೆಯಿರಿ.

ಬಸ್ ಏಕೆ ಬೇಡ ಎಂದರೆ, ಎರಡೂ ನಗರಗಳ ನಡುವೆ ಸುಮಾರು 240 ಕಿಲೋಮೀಟರ್ ದೂರವಿದೆ. ಹೋಗಲು ಹತ್ತಿರಹತ್ತಿರ ಮೂರು ಗಂಟೆ, ಬರಲು ಮತ್ತೆ ಅಷ್ಟೇ. ಉಳಿದ ಸಮಯದಲ್ಲಿ ಊಟಕ್ಕೊಂದು ಗಂಟೆ, ನೆನಪಿನ ಕಾಣಿಕೆಗಳ ಅಂಗಡಿಗೆ ಅರ್ಧ ಗಂಟೆ ಹೋದರೆ ನಗರಕ್ಕೆ ಸಿಗುವುದು ಚೂರುಪಾರು. ನನ್ನ ಅತ್ತೆ ಮಾವ ಇಂಥದೊಂದು ಪ್ರವಾಸದಲ್ಲಿ ಹೋಗಿದ್ದರು. ವೀರರ ಚೌಕದಲ್ಲಿ ಇಳಿದು ಫೋಟೋ, ಕೋಟೆ ಗುಡ್ಡದಲ್ಲಿ ಇಳಿದು ಫೋಟೋ, ಮಿಕ್ಕದ್ದೆಲ್ಲ ಕಿಟಕಿಯ ಗಾಜಿನಾಚೆ. ಮೈಕಿನಲ್ಲಿ ಒಂದೇ ವಿವರಣೆ ಒಂದಾದ ಮೇಲೊಂದು ಭಾಷೆಯಲ್ಲಿ ಬರುತ್ತಿತ್ತಂತೆ. ಇಂಗ್ಲಿಷಿನ ಸರದಿ ಬರುವ ಹೊತ್ತಿಗೆ ಕಟ್ಟಡ ಹಿಂದೆ ಹೋಗಿರುತ್ತಿತ್ತಂತೆ. ರಾತ್ರಿ ಮನೆಗೆ ಬಂದ ಮಾವನವರು ಕೇಳಿದ ಪ್ರಶ್ನೆ, ‘ನಾವು ನೋಡಿದ ಆ ದೊಡ್ಡ ನದಿ ಯಾವುದು?’ ವಿಯೆನ್ನಾದಲ್ಲಿ ಅವರು ದಿನವೂ ದಾಟುತ್ತಿದ್ದ ಡ್ಯಾನ್ಯೂಬೇ ಅದು. ಆ ನದಿಯನ್ನೇ ಪರಿಚಯಿಸದ ಪ್ರವಾಸ ಬುಡಾಪೆಸ್ಟ್ ಪ್ರವಾಸವೇ ಅಲ್ಲ ಎನ್ನುವುದು ನನ್ನ ದೃಢವಾದ ನಂಬಿಕೆ.

ರೈಲಿನಲ್ಲಿ ಸುಮಾರು ಎರಡು ಗಂಟೆ ನಲವತ್ತು ನಿಮಿಷ. ವಿಯೆನ್ನಾದ ಕೇಂದ್ರ ನಿಲ್ದಾಣದಿಂದ ಹೊರಟರೆ ಬುಡಾಪೆಸ್ಟ್‌ನ ಕೆಲೆಟಿ ನಿಲ್ದಾಣ. ಅಲ್ಲಿ ಕೆಳಗಿಳಿದರೆ ಎರಡನೆಯ ಮೆಟ್ರೋ ಮಾರ್ಗ. ಸಂಸತ್ ಭವನದ ಮುಂದಿನ ಕೊಶುತ್ ಚೌಕಕ್ಕೆ ಅದೇ ಮೆಟ್ರೋ ಒಯ್ಯುತ್ತದೆ. ಮುಂದಿನ ನಿಲ್ದಾಣಕ್ಕೆ ನದಿಯ ಅಡಿಯಲ್ಲೇ ಸಾಗಿ ಆಚೆ ದಡ ಮುಟ್ಟಿಸುತ್ತದೆ. ಮೆಟ್ರೋ ಟಿಕೆಟ್ ಕೊಂಡರೆ ಸಾಲದು, ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ತಪಾಸಣೆ ಮಾಡುವವರು ನಿಲ್ದಾಣದ ಬಾಗಿಲಲ್ಲೇ ನಿಂತಿರುತ್ತಾರೆ. ಹಂಗೇರಿಯೂ ಷೆಂಗೆನ್ ವಲಯದಲ್ಲೇ ಇರುವುದರಿಂದ ಬೇರೆ ವೀಸಾ ಬೇಕಿಲ್ಲ. ಆದರೆ ಮರಳುವಾಗ ಆಸ್ಟ್ರಿಯಾದ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ದಾಖಲೆ ಕೇಳುವುದುಂಟು. ನಾಲ್ವರ ಮೂಲ ಪಾಸ್‌ಪೋರ್ಟೂ ಕೈಚೀಲದಲ್ಲಿರಲಿ, ಮೊಬೈಲಿನ ಚಿತ್ರ ನಡೆಯುವುದಿಲ್ಲ.

ಇನ್ನು ಗೈಡ್ ವಿಚಾರ. ದೊಡ್ಡ ಕಟ್ಟಡಗಳನ್ನು ತೋರಿಸಲು ಯಾರೂ ಬೇಕಿಲ್ಲ, ಅವು ತಾವಾಗಿಯೇ ಕಾಣುತ್ತವೆ. ಗೈಡ್ ಬೇಕಾಗುವುದು ನಾವು ನೋಡದೇ ದಾಟಿಹೋಗುವ ಗುರುತುಗಳಿಗಾಗಿ. ನದಿಯ ಪೂರ್ವ ದಡಕ್ಕೆ ಪೆಸ್ಟ್ ಎಂದೂ ಪಶ್ಚಿಮ ದಡಕ್ಕೆ ಬುಡಾ ಎಂದೂ ಹೆಸರು. ಪೆಸ್ಟ್ ಕಡೆಯ ಫೆರೆನ್ಸಿಯೆಕ್ ಚೌಕದಲ್ಲಿ ಫ್ರಾನ್ಸಿಸ್ಕನ್ ಚರ್ಚ್ ಇದೆ. ಅದರ ಪಕ್ಕದ ಗೋಡೆಯಲ್ಲಿ ದೋಣಿಯ ಮೇಲೆ ನಿಂತು ಜನರನ್ನು ನೀರಿನಿಂದ ಮೇಲೆತ್ತುತ್ತಿರುವ ಒಬ್ಬನ ಉಬ್ಬುಶಿಲ್ಪವಿದೆ. ಸಾವಿರಾರು ಜನ ಅದರ ಕೆಳಗೇ ಬಸ್ಸಿಗೆ ಕಾಯುತ್ತಾರೆ, ತಲೆಯೆತ್ತಿ ನೋಡುವವರು ಕಡಿಮೆ. ಆತ ಬ್ಯಾರನ್ ಮಿಕ್ಲೋಶ್ ವೆಶ್ಶೆಲೇನ್ಯಿ. 1838ರ ಮಾರ್ಚ್‌ನಲ್ಲಿ ಡ್ಯಾನ್ಯೂಬಿನ ಮೇಲೆ ಕಟ್ಟಿದ್ದ ಹಿಮ ಒಡೆದು, ಕೆಳಹರಿವಿನಲ್ಲಿ ಸಿಕ್ಕಿಕೊಂಡು, ಹಿಂದಿನ ನೀರೆಲ್ಲ ನಗರಕ್ಕೆ ನುಗ್ಗಿತು. ಪೆಸ್ಟ್‌ನ ಬಹಳಷ್ಟು ಮನೆಗಳು ಸುಡದ ಮಣ್ಣಿನ ಇಟ್ಟಿಗೆಯವು. ನೀರಲ್ಲಿ ನೆಂದು ಅರ್ಧಕ್ಕಿಂತ ಹೆಚ್ಚು ಮನೆಗಳು ಕುಸಿದವು. ದೋಣಿ ತೆಗೆದುಕೊಂಡು ಓಣಿ ಓಣಿಗಳಲ್ಲಿ ಜನರನ್ನು ಉಳಿಸಿದವನು ಈ ಬ್ಯಾರನ್. ಸಂತ್ರಸ್ತರ ನೆರವಿಗೆಂದು ಸಂಗೀತಗಾರ ಫ್ರಾಂಜ್ ಲಿಸ್ಟ್ ನಮ್ಮ ವಿಯೆನ್ನಾದಲ್ಲಿ ಆ ವಸಂತದಲ್ಲಿ ಪಿಯಾನೋ ಕಛೇರಿಗಳನ್ನು ನಡೆಸಿದ. ಈಗ ನೀವು ಪೆಸ್ಟ್‌ನಲ್ಲಿ ನೋಡುವ ಅಗಲವಾದ ಬೀದಿಗಳು, ಗಟ್ಟಿಯಾದ ಕಲ್ಲಿನ ದಡ, ಎಲ್ಲಕ್ಕೂ ಹಿಂದೆ ಆ ಪ್ರವಾಹದ ಪಾಠವಿದೆ. ಹಳೆಯ ಗೋಡೆಗಳ ಮೇಲೆ ಅಲ್ಲಲ್ಲಿ ‘ನೀರು ಇಲ್ಲಿಯವರೆಗೆ’ ಎಂದು ಬೆರಳು ತೋರುವ ಕಲ್ಲಿನ ಫಲಕಗಳೂ ಇವೆ. ಬಲ್ಲ ಗೈಡ್ ಇದ್ದರೆ ನಿಮ್ಮ ತಂದೆಯವರನ್ನು ಅಂಥ ಒಂದು ಫಲಕದ ಪಕ್ಕ ನಿಲ್ಲಿಸಿ ನೀರು ಎಷ್ಟೆತ್ತರ ಬಂದಿತ್ತೆಂದು ತೋರಿಸುತ್ತಾರೆ.

ಪ್ರವಾಹದ ಬೆನ್ನಿಗೇ ಬಂದದ್ದು ಚೈನ್ ಬ್ರಿಜ್. ಇದನ್ನು ನಡೆದೇ ದಾಟಬೇಕು, ಅದೂ ಕಥೆ ಕೇಳುತ್ತ ದಾಟಬೇಕು. ಅದಕ್ಕೆ ಮೊದಲು ಬುಡಾ ಮತ್ತು ಪೆಸ್ಟ್ ಎರಡು ಬೇರೆ ಬೇರೆ ಊರುಗಳು. ನಡುವೆ ದೋಣಿಗಳನ್ನು ಜೋಡಿಸಿ ಮಾಡಿದ ತೇಲುಸೇತುವೆಯಿತ್ತು. ಚಳಿಗಾಲದಲ್ಲಿ ಹಿಮ ಹರಿಯತೊಡಗಿದರೆ ಅದನ್ನು ಬಿಚ್ಚಿಡಬೇಕು. ಕೌಂಟ್ ಇಶ್ತ್ವಾನ್ ಸೇಚೆನ್ಯಿ ತನ್ನ ತಂದೆಯ ಅಂತ್ಯಕ್ರಿಯೆಗೆ ಹೊರಟು ನದಿ ದಾಟಲಾಗದೆ ದಡದಲ್ಲೇ ದಿನಗಟ್ಟಲೆ ಕಾದನೆಂದೂ, ಶಾಶ್ವತ ಸೇತುವೆಯ ಸಂಕಲ್ಪ ಅಲ್ಲೇ ಹುಟ್ಟಿತೆಂದೂ ಗೈಡ್‌ಗಳು ಹೇಳುತ್ತಾರೆ. ನನಗೆ ಅದಕ್ಕಿಂತಲೂ ದೊಡ್ಡದಾಗಿ ಕಾಣುವುದು ಸುಂಕದ ಸಂಗತಿ. ಆ ಕಾಲದ ಹಂಗೇರಿಯಲ್ಲಿ ಕುಲೀನರಿಗೆ ತೆರಿಗೆಯೇ ಇರಲಿಲ್ಲ. ಈ ಸೇತುವೆಯ ಮೇಲೆ ಮಾತ್ರ ಎಲ್ಲರೂ ಸುಂಕ ಕೊಡಬೇಕು, ಕುಲೀನನಾದರೂ ಸರಿ, ಎಂಬ ಕಾನೂನನ್ನು 1836ರಲ್ಲಿ ಮಾಡಿದರು. ಹುಟ್ಟಿನಿಂದ ಬಂದ ಸವಲತ್ತಿಗೆ ಒಂದು ಸೇತುವೆಯ ಬಾಗಿಲಲ್ಲಿ ತಡೆ ಬಿತ್ತು. ಇಂಗ್ಲೆಂಡಿನ ವಿಲಿಯಂ ಟಿಯರ್ನಿ ಕ್ಲಾರ್ಕ್ ವಿನ್ಯಾಸ ಮಾಡಿದ. ಸ್ಥಳದಲ್ಲಿದ್ದು ಕಟ್ಟಿಸಿದವನು ಸ್ಕಾಟ್ಲೆಂಡಿನ ಆಡಂ ಕ್ಲಾರ್ಕ್. ಇಬ್ಬರೂ ಸಂಬಂಧಿಕರಲ್ಲ. 1849ರಲ್ಲಿ, ಸ್ವಾತಂತ್ರ್ಯಕ್ಕಾಗಿ ಹಂಗೇರಿಯನ್ನರು ಹೂಡಿದ ಯುದ್ಧ ಸೋತು ಮುಗಿದ ಮೇಲೆ, ಸೇತುವೆ ತೆರೆಯಿತು. ಸೇಚೆನ್ಯಿ ಆಗ ಮನಸ್ಸು ಕೆಟ್ಟು ವಿಯೆನ್ನಾ ಬಳಿಯ ಡೋಬ್ಲಿಂಗ್‌ನ ಚಿಕಿತ್ಸಾಲಯದಲ್ಲಿದ್ದ. 1860ರಲ್ಲಿ ಅಲ್ಲೇ ತೀರಿಕೊಂಡ. ಪೂರ್ಣಗೊಂಡ ತನ್ನ ಸೇತುವೆಯ ಮೇಲೆ ಆತ ಒಮ್ಮೆಯೂ ಕಾಲಿಡಲಿಲ್ಲ. ಆಡಂ ಕ್ಲಾರ್ಕ್ ಮಾತ್ರ ಅಲ್ಲೇ ಮದುವೆಯಾಗಿ ನೆಲೆಸಿದ. ಸೇತುವೆಯ ಬುಡಾ ತುದಿಯ ಚೌಕಕ್ಕೆ ಆತನದೇ ಹೆಸರು. ಎದುರಿಗೆ ಗುಡ್ಡ ಕೊರೆದು ಮಾಡಿದ ಸುರಂಗವೂ ಆತನದೇ ಕೆಲಸ.

1873ರಲ್ಲಿ ಬುಡಾ, ಪೆಸ್ಟ್, ಓಬುಡಾ ಮೂರೂ ಸೇರಿ ಒಂದು ನಗರವಾಯಿತು. ಸೇತುವೆಯಿಲ್ಲದಿದ್ದರೆ ಆ ಕೂಡಿಕೆ ಕಾಗದದ ಮೇಲೆ ಉಳಿಯುತ್ತಿತ್ತು. 1945ರ ಜನವರಿಯಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೇನೆ ಇದನ್ನು ಸಿಡಿಸಿತು. ನಗರದ ಡ್ಯಾನ್ಯೂಬ್ ಸೇತುವೆಗಳಲ್ಲಿ ಒಂದೂ ಉಳಿಯಲಿಲ್ಲ. ಮತ್ತೆ ಕಟ್ಟಿ ತೆರೆದದ್ದು 1949ರಲ್ಲಿ, ಮೊದಲ ಬಾರಿ ತೆರೆದ ನೂರನೆಯ ವರ್ಷಕ್ಕೆ ಸರಿಯಾಗಿ.

ಸಂಸತ್ ಭವನದಿಂದ ದಕ್ಷಿಣಕ್ಕೆ ಸ್ವಲ್ಪ ದೂರ, ನೀರಿನ ಅಂಚಿನಲ್ಲೇ, ಕಬ್ಬಿಣದ ಅರವತ್ತು ಜೊತೆ ಪಾದರಕ್ಷೆಗಳಿವೆ. ಗಂಡಸರ ಬೂಟು, ಹೆಂಗಸರ ಹಿಮ್ಮಡಿ ಎತ್ತರದ ಚಪ್ಪಲಿ, ಮಕ್ಕಳವು. 1944ರ ಅಕ್ಟೋಬರ್‌ನಲ್ಲಿ ಅಧಿಕಾರ ಹಿಡಿದ ಆ್ಯರೋ ಕ್ರಾಸ್ ಎಂಬ ಹಂಗೇರಿಯ ಫ್ಯಾಸಿಸ್ಟ್ ಪಕ್ಷದವರು ಯಹೂದಿಗಳನ್ನು ಈ ದಡಕ್ಕೆ ಎಳೆತಂದು, ಪಾದರಕ್ಷೆ ಬಿಚ್ಚಿಸಿ, ಗುಂಡಿಟ್ಟು ನದಿಗೆ ಬೀಳಿಸಿದರು. ಯುದ್ಧಕಾಲದಲ್ಲಿ ಪಾದರಕ್ಷೆಗೆ ಬೆಲೆಯಿತ್ತು, ಆದ್ದರಿಂದ ಬಿಚ್ಚಿಸಿದರು. ಚಿತ್ರ ನಿರ್ದೇಶಕ ಜಾನ್ ತೊಗಾಯ್ ಮತ್ತು ಶಿಲ್ಪಿ ಜೂಲಾ ಪಾವರ್ ಸೇರಿ ಮಾಡಿದ ಈ ಸ್ಮಾರಕ 2005ರಲ್ಲಿ ಬಂತು. ಇಲ್ಲಿಗೆ ಬರಲು ವಾಹನಗಳು ಎಡೆಬಿಡದೆ ಓಡುವ ರಸ್ತೆಯೊಂದನ್ನು ದಾಟಬೇಕು. ಬಸ್ ಪ್ರವಾಸಗಳು ಇದನ್ನು ಬಿಟ್ಟುಬಿಡಲು ಇದೂ ಒಂದು ಕಾರಣವಿರಬೇಕು. ಆ ಬೂಟುಗಳೊಳಗೆ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ನಮ್ಮವರೊಬ್ಬರು ಏನೆಂದು ತಿಳಿಯದೆ ಹಾಗೆ ಮಾಡಬಾರದೆಂಬ ಕಾರಣಕ್ಕಾದರೂ ಗೈಡ್ ಇರಬೇಕು.

ಹೀಗೆ ಹೇಳುತ್ತ ಹೋದರೆ ಬಹಳವಿದೆ. ಕೊಶುತ್ ಚೌಕದಲ್ಲಿ ಸಂಸತ್ತಿನ ಎದುರಿನ ಕಟ್ಟಡದ ಗೋಡೆಯಲ್ಲಿ ಲೋಹದ ಗುಂಡುಗಳನ್ನು ಹುದುಗಿಸಿದ್ದಾರೆ. ಕಮ್ಯುನಿಸ್ಟ್ ಆಳ್ವಿಕೆಯ ವಿರುದ್ಧ ಜನ ದಂಗೆಯೆದ್ದ 1956ರ ಅಕ್ಟೋಬರ್ 25ರಂದು ಅಲ್ಲಿ ಸೇರಿದ್ದ ನಿರಾಯುಧ ಜನರ ಮೇಲೆ ಹಾರಿದ ಗುಂಡುಗಳ ನೆನಪಿಗೆ. ಎಲಿಜಬೆತ್ ಸೇತುವೆಯ ಪೆಸ್ಟ್ ತುದಿಯ ಹಳೆಯ ಚರ್ಚಿನೊಳಗೆ, ಅದು ತುರ್ಕರ ಆಳ್ವಿಕೆಯಲ್ಲಿ ಮಸೀದಿಯಾಗಿದ್ದಾಗಿನ ಪ್ರಾರ್ಥನಾ ಗೂಡು ಈಗಲೂ ಇದೆ. 1541ರಿಂದ 1686ರವರೆಗೆ ಬುಡಾ ಒಟ್ಟೋಮನ್ನರ ಕೈಯಲ್ಲಿತ್ತು. ಅಂದಹಾಗೆ, ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಈ ಊರಿನಲ್ಲೇ, 1913ರಲ್ಲಿ. ಅವರ ತಾಯಿ ಹಂಗೇರಿಯವರು.

ಗೈಡ್ ಆರಿಸುವಾಗ ಮುಂಚೆಯೇ ಬರೆದು ಕೇಳಿ: ಚೈನ್ ಬ್ರಿಜ್ ನಡೆದು ದಾಟಿಸುತ್ತೀರಾ, ದಡದ ಪಾದರಕ್ಷೆಗಳ ಬಳಿ ನಿಲ್ಲಿಸುತ್ತೀರಾ, ಫೆರೆನ್ಸಿಯೆಕ್ ಚೌಕಕ್ಕೆ ಹೋಗಬಹುದೇ. ಸಿಗುವ ಉತ್ತರದಿಂದಲೇ ಆ ಮನುಷ್ಯನಿಗೆ ಊರಿನ ಮೇಲೆ ಎಷ್ಟು ಪ್ರೀತಿಯಿದೆ ಎಂಬುದು ತಿಳಿದುಬಿಡುತ್ತದೆ. ಕೊನೆಯಲ್ಲಿ ಮನಸ್ಸಿಗೆ ಬಂದಷ್ಟು ಕೊಡುವ ‘ಉಚಿತ’ ನಡಿಗೆ ಪ್ರವಾಸಗಳೂ ಇವೆ. ಯುವಕರಿಗೆ ಅವು ಚೆನ್ನ. ದೊಡ್ಡ ಗುಂಪಿನಲ್ಲಿ ಎರಡೂವರೆ ಗಂಟೆ ನಿಂತೇ ಕೇಳುವುದು ನಿಮ್ಮ ತಂದೆ ತಾಯಿಗೆ ಕಷ್ಟ. ಖಾಸಗಿ ಗೈಡ್‌ಗಳು ಸಾಮಾನ್ಯವಾಗಿ ತಲೆಗಿಷ್ಟು ಎನ್ನದೆ ಇಡೀ ಗುಂಪಿಗೆ ಒಂದು ಮೊತ್ತ ಹೇಳುತ್ತಾರೆ; ನಾಲ್ವರಿಗೆ ಹಂಚಿದರೆ ಬಸ್ ಪ್ರವಾಸಕ್ಕೂ ಅದಕ್ಕೂ ನೀವು ಅಂದುಕೊಂಡಷ್ಟು ಅಂತರವಿರುವುದಿಲ್ಲ. ಮಂಡಿನೋವಿದ್ದರೆ ಮೊದಲೇ ತಿಳಿಸಿ. ಪೆಸ್ಟ್ ದಡದುದ್ದಕ್ಕೂ ಎರಡನೆಯ ನಂಬರಿನ ಟ್ರಾಮ್ ಓಡುತ್ತದೆ, ನಡಿಗೆಯ ಅರ್ಧವನ್ನು ಅದರಲ್ಲೇ ಕುಳಿತು ಮುಗಿಸಬಹುದು.

ಸಂಸತ್ ಭವನದ ಒಳಗೆ ಅಲ್ಲಿನದೇ ಗೈಡ್ ಜೊತೆ, ಗೊತ್ತಾದ ಸಮಯಕ್ಕೆ ಮಾತ್ರ ಬಿಡುತ್ತಾರೆ. ಸುಮಾರು ಮುಕ್ಕಾಲು ಗಂಟೆ. ಯುರೋಪಿಯನ್ ಒಕ್ಕೂಟದ ನಾಗರಿಕರಲ್ಲದವರಿಗೆ ದರ ಹೆಚ್ಚು. ಇಂಗ್ಲಿಷ್ ಸರದಿಗಳು ಬೇಗ ತುಂಬುವುದರಿಂದ ಹೊರಡುವ ಮುಂಚೆಯೇ ಕಾಯ್ದಿರಿಸಿ. ಅಲ್ಲಿ ಹಂಗೇರಿಯ ಮೊದಲ ರಾಜ ಸಂತ ಸ್ಟೀಫನ್ನನ ಹೆಸರಿನ ಕಿರೀಟವಿದೆ, ಅದರ ತುದಿಯ ಶಿಲುಬೆ ವಾಲಿಕೊಂಡಿದೆ, ನೋಡಲೇಬೇಕಾದದ್ದು. ಸಮಯ ಸಾಲದಿದ್ದರೆ ಮಾತ್ರ ನಾನು ಒಳಾಂಗಣ ಬಿಟ್ಟು ಸೇತುವೆಯನ್ನೇ ಆರಿಸಿಕೊಳ್ಳುತ್ತೇನೆ.

ಮಧ್ಯಾಹ್ನದ ನಂತರ ಗೈಡ್ ಬೇಡ. ಕೋಟೆ ಗುಡ್ಡಕ್ಕೆ ಹದಿನಾರನೆಯ ನಂಬರಿನ ಬಸ್ ಹೋಗುತ್ತದೆ. ಮತ್ತಿಯಾಸ್ ಚರ್ಚ್, ಮೀನುಗಾರರ ಕೊತ್ತಲ, ಅಲ್ಲಿಂದ ಕಾಣುವ ನದಿ, ಇವುಗಳಿಗೆ ವಿವರಣೆಗಿಂತ ಬಿಡುವು ಮುಖ್ಯ. ಅಲ್ಲಿನ ಕಲ್ಲುಹಾಸಿನ ಬೀದಿಗಳು ಏರುಪೇರಾಗಿವೆ, ಅಮ್ಮನಿಗೆ ಒಳ್ಳೆಯ ಬೂಟು ಹಾಕಿಸಿ. ಸಂಜೆಗೆ ಮುನ್ನ ಕೆಳಗಿಳಿದು ಬುಡಾ ದಡದ ಬಾತ್ಯಾನಿ ಚೌಕಕ್ಕೆ ಬನ್ನಿ. ಸಂಸತ್ ಭವನದ ನದಿಯ ಕಡೆಯ ಮುಖ ಪಶ್ಚಿಮಕ್ಕಿದೆ. ಬಿಸಿಲು ಇಳಿಯುವ ಹೊತ್ತಿಗೆ ಅದರ ಮೇಲೆ ನೇರ ಬೆಳಕು ಬೀಳುತ್ತದೆ, ಅದನ್ನು ನೋಡಲು ಈ ಚೌಕಕ್ಕಿಂತ ಒಳ್ಳೆಯ ಜಾಗವಿಲ್ಲ. ಕೆಳಗೇ ಎರಡನೆಯ ಮಾರ್ಗದ ಮೆಟ್ರೋ ಇದೆ, ನೇರವಾಗಿ ಕೆಲೆಟಿಗೆ. ಡಿಸೆಂಬರ್‌ನಲ್ಲಿ ಹೋದರೆ ನಾಲ್ಕು ಗಂಟೆಗೆಲ್ಲ ಕತ್ತಲಾಗುವುದರಿಂದ ದೀಪಾಲಂಕಾರವನ್ನೂ ನೋಡಿಕೊಂಡೇ ರೈಲು ಹತ್ತಬಹುದು. ಜೂನ್‌ನಲ್ಲಿ ಎಂಟೂವರೆ ದಾಟಿದರೂ ಬೆಳಕಿರುತ್ತದೆ, ದೀಪ ನೋಡಬೇಕೆಂದರೆ ಆ ರಾತ್ರಿ ಅಲ್ಲೇ ಉಳಿಯಬೇಕು.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೂ ಅಪ್ಪ ಅಮ್ಮ ಸಸ್ಯಾಹಾರಿಗಳಾಗಿದ್ದರೆ ಇದು ಮುಖ್ಯ. ಗುಲಾಶ್ ಎಂದರೆ ದನದ ಮಾಂಸದ ಸಾರು. ತರಕಾರಿಯ ಗಟ್ಟಿ ಪಲ್ಯದಂತಿರುವ ಫೋಜೆಲೇಕ್ ಸಿಗುತ್ತದೆ, ಆದರೆ ಹಂದಿಯ ಕೊಬ್ಬು ಬಳಸುವುದುಂಟು, ಕೇಳಿಯೇ ತೆಗೆದುಕೊಳ್ಳಿ. ಲಾಂಗೋಶ್ ಎಂಬ ಕರಿದ ಹಿಟ್ಟಿನ ರೊಟ್ಟಿಗೂ ಯಾವ ಎಣ್ಣೆ ಎಂದು ವಿಚಾರಿಸಿ. ಬೆಳಿಗ್ಗೆಯೇ ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವುದು ನಮ್ಮ ಮನೆಯ ಪದ್ಧತಿ. ಹುಳಿ ಚೆರ್ರಿ ತುಂಬಿದ ರೇತೆಶ್ ಎಂಬ ಸಿಹಿಯನ್ನು ಮಾತ್ರ ಅಲ್ಲಿ ಕೊಂಡು ತಿನ್ನುತ್ತೇವೆ.

ದಿನ ಗೊತ್ತುಮಾಡುವಾಗ ಮಾರ್ಚ್ 15, ಆಗಸ್ಟ್ 20, ಅಕ್ಟೋಬರ್ 23 ಬಿಟ್ಟುಬಿಡಿ. ಮೂರೂ ರಾಷ್ಟ್ರೀಯ ರಜೆಗಳು. ಅಂಗಡಿಗಳು ಮುಚ್ಚಿರುತ್ತವೆ, ಸಂಸತ್ತಿನ ಸುತ್ತ ಸಮಾರಂಭಗಳ ಜನಸಂದಣಿ. ನೀವು ಹೋಗುವ ತಿಂಗಳನ್ನೂ ಅಪ್ಪ ಅಮ್ಮ ಎಷ್ಟು ನಡೆಯಬಲ್ಲರೆಂಬುದನ್ನೂ ತಿಳಿಸಿದರೆ, ರೈಲಿನ ಸಮಯ ನೋಡಿ ಬೆಳಗಿನಿಂದ ಸಂಜೆಯವರೆಗಿನ ಕ್ರಮವನ್ನು ಬರೆದುಕೊಡುತ್ತೇನೆ.