ಮೂರು ವರ್ಷ ದಾಟಿದರೆ ಕಿರುಕುಳದ ಮಾತು ಎತ್ತುವಂತಿಲ್ಲವೇ?

ಶಿಗ್ಗಾವಿ ತಾಲ್ಲೂಕಿನ ಓದುಗರೊಬ್ಬರು ಹೆಸರು ಬೇಡವೆಂದು ಕೇಳಿಕೊಂಡು ಬರೆದಿದ್ದಾರೆ. ಹುಬ್ಬಳ್ಳಿಯ ಗಂಡನ ಮನೆಯಲ್ಲಿ ಮದುವೆಯ ಮರುವರ್ಷವೇ ಹೊಡೆತ ಶುರುವಾಯಿತು. 2019ರಲ್ಲಿ ಎರಡೂ ಕಡೆಯ ಹಿರಿಯರು ಕೂತು, ಸ್ಟ್ಯಾಂಪ್ ಪೇಪರಿನ ಮೇಲೆ ರಾಜಿ ಬರೆಸಿ ಮತ್ತೆ ಬಾಳ್ವೆಗೆ ಕಳಿಸಿದರು. ಎರಡನೆಯ ಮಗುವೂ ಆಯಿತು. 2024ರಿಂದ ಅವರು ತವರಿನಲ್ಲಿದ್ದಾರೆ, ಈಗ ವಿಚ್ಛೇದನ ಕೇಳಬೇಕೆಂದಿದ್ದಾರೆ. 'ಮೂರು ವರ್ಷ ದಾಟಿದ ಮ್ಯಾಲೆ ಕೇಸು ನಿಲ್ಲಂಗಿಲ್ಲ' ಎಂದು ಪರಿಚಯದವರು ಹೇಳಿದ್ದಾರಂತೆ. ನಿಜವೇ ಎಂಬುದು ಪ್ರಶ್ನೆ.

ವಿಚ್ಛೇದನದ ಮಟ್ಟಿಗೆ ನಿಜವಲ್ಲ. ಕಾಲಮಿತಿ ಕಾಯ್ದೆ, 1963ರ 29(3)ನೇ ಕಲಮು ಮದುವೆ-ವಿಚ್ಛೇದನದ ಪ್ರಕರಣಗಳನ್ನು ಆ ಕಾಯ್ದೆಯಿಂದಲೇ ಹೊರಗಿಟ್ಟಿದೆ. ಮೂರು ವರ್ಷದ ಮಾತು ಬಂದದ್ದು ಕ್ರಿಮಿನಲ್ ಕಡೆಯಿಂದ. ಗಂಡ ಅಥವಾ ಅವನ ಕಡೆಯವರು ಹೆಂಡತಿಗೆ ಕಿರುಕುಳ ಕೊಡುವುದು ಹಿಂದಿನ ಭಾರತೀಯ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಅಪರಾಧ, ಇದಕ್ಕೆ ಗರಿಷ್ಠ ಶಿಕ್ಷೆ ಮೂರು ವರ್ಷ. ಅಂಥ ಅಪರಾಧಕ್ಕೆ ದೂರಿನ ಅವಧಿಯೂ ಮೂರು ವರ್ಷ. ಅಲ್ಲಿಯೂ ಕಿರುಕುಳ ಮುಂದುವರಿದಿದ್ದರೆ ಲೆಕ್ಕ ಮೊದಲ ಹೊಡೆತದಿಂದಲ್ಲ, ಕೊನೆಯ ಘಟನೆಯಿಂದ. ತಡವಾದರೂ ನ್ಯಾಯದ ಹಿತಕ್ಕೆ ಬೇಕೆನಿಸಿದರೆ ಕೋರ್ಟು ಮನ್ನಿಸಬಹುದು. ರಕ್ಷಣೆ, ಪರಿಹಾರ ಕೋರಿ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 12ನೇ ಕಲಮಿನಡಿ ಹಾಕುವ ಅರ್ಜಿಗೆ ಈ ಮಿತಿ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ.

ಹಾಗಾದರೆ ಅಪಾಯ ಎಲ್ಲಿ? ಹಿಂದೂ ವಿವಾಹ ಕಾಯ್ದೆಯ 23ನೇ ಕಲಮಿನಲ್ಲಿ. ಎದುರಾಳಿ ಹಾಜರಾಗದಿದ್ದರೂ ನ್ಯಾಯಾಧೀಶರು ಎರಡು ವಿಷಯ ನೋಡಲೇಬೇಕು: ಅರ್ಜಿದಾರರು ಆ ಕ್ರೌರ್ಯವನ್ನು ಕ್ಷಮಿಸಿದ್ದಾರೆಯೇ, ಮತ್ತು ಕಾರಣವಿಲ್ಲದೆ ತಡ ಮಾಡಿದ್ದಾರೆಯೇ. ತಡಕ್ಕೆ ಉತ್ತರ ಕಷ್ಟವಲ್ಲ. ಮಕ್ಕಳ ಓದು, ಗಂಡ ಸುಧಾರಿಸಿಯಾನೆಂಬ ಆಸೆ, ಕೈಯಲ್ಲಿ ದುಡ್ಡಿಲ್ಲದ್ದು, ಇವೆಲ್ಲ ಕಾರಣಗಳೇ. ಆದರೆ ಅರ್ಜಿಯಲ್ಲೇ ಬರೆದಿರಬೇಕು. ಸಾಕ್ಷಿಕಟ್ಟೆ ಹತ್ತಿದ ಮೇಲೆ ಮೊದಲ ಬಾರಿ ಹೇಳಿದರೆ ತೂಕ ಇರುವುದಿಲ್ಲ.

ಕ್ಷಮೆಯ ವಿಷಯ ಬಿಗಿ. ಸುಪ್ರೀಂ ಕೋರ್ಟಿನ 1975ರ ದಾಸ್ತಾನೆ ಪ್ರಕರಣದಲ್ಲಿ ಅರ್ಜಿದಾರ ಗಂಡ. ಹೆಂಡತಿಯ ಕ್ರೌರ್ಯ ಸಾಬೀತಾಗಿತ್ತು. ಆದರೂ ಆಮೇಲೆ ದಾಂಪತ್ಯ ಸಹಜವಾಗಿ ನಡೆದಿದ್ದರಿಂದ ಕ್ಷಮಿಸಿದಂತಾಯಿತೆಂದು ನ್ಯಾಯಿಕ ಪ್ರತ್ಯೇಕತೆ (ಮದುವೆ ಮುರಿಯದೆ ಬೇರೆ ಇರಲು ಕೋರ್ಟು ಕೊಡುವ ಆದೇಶ) ಸಿಗಲಿಲ್ಲ. ನಿಮ್ಮ ಎರಡನೆಯ ಮಗುವಿನ ಜನ್ಮ ದಿನಾಂಕವನ್ನು ಎದುರಿನ ವಕೀಲರು ಹಿಡಿಯುವುದು ಇದಕ್ಕಾಗಿಯೇ. ಎಷ್ಟೋ ಹೆಣ್ಣುಮಕ್ಕಳು ಆ ಪ್ರಶ್ನೆಗೆ ತಲೆ ತಗ್ಗಿಸಿ ನಿಲ್ಲುತ್ತಾರೆ, ನಿಲ್ಲಬೇಕಿಲ್ಲ. ಅದೇ ತೀರ್ಪು ಇನ್ನೊಂದು ಮಾತನ್ನೂ ಹೇಳಿದೆ: ಕ್ಷಮೆ ಷರತ್ತಿನದು, ಮತ್ತೆ ತಪ್ಪು ನಡೆದರೆ ಹಳೆಯದೂ ಜೀವ ಪಡೆಯುತ್ತದೆ. ಹೊಸ ತಪ್ಪು ಒಂದೇ ವಿಚ್ಛೇದನಕ್ಕೆ ಸಾಲುವಷ್ಟು ದೊಡ್ಡದಿರಬೇಕೆಂದೂ ಇಲ್ಲ.

ಆದ್ದರಿಂದ 2019ರ ನಂತರ ಏನಾಯಿತು ಎಂಬುದೇ ನಿಮ್ಮ ಪ್ರಕರಣದ ಬೆನ್ನೆಲುಬು. 'ಮದುವೆಯಾದಾಗಿನಿಂದ ದೈಹಿಕ ಮಾನಸಿಕ ಕಿರುಕುಳ' ಎಂದು ಒಂದೇ ಸಾಲು ಬರೆಯುವ ಅರ್ಜಿಗಳೇ ಹೆಚ್ಚು, ಬೀಳುವುದೂ ಅವೇ. ತಾರೀಖು ನೆನಪಿಲ್ಲದಿದ್ದರೆ ಯುಗಾದಿಯ ಮರುದಿನ, ಮಗನ ಶಾಲೆ ಶುರುವಾದ ವಾರ ಎಂದಾದರೂ ಇರಲಿ. ಯಾವ ಕೋಣೆ, ಯಾರಿದ್ದರು, ಆಮೇಲೆ ಯಾರಿಗೆ ಫೋನ್ ಮಾಡಿದಿರಿ ಎಂಬುದೂ ಬರಲಿ. ಅರ್ಜಿಯಲ್ಲಿಲ್ಲದ ಘಟನೆಗೆ ಸಾಕ್ಷಿ ಹೇಳಿದರೂ ನಡೆಯುವುದಿಲ್ಲ, ವಿಚಾರಣೆ ಶುರುವಾದ ಮೇಲೆ ತಿದ್ದುಪಡಿ ಸುಲಭವಲ್ಲ. ಆಸ್ಪತ್ರೆಗೆ ಹೋಗಿದ್ದರೆ ಹೊರರೋಗಿ ಚೀಟಿ ಹುಡುಕಿ. ವಾಟ್ಸಾಪ್ ಸಂದೇಶಗಳಿರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಬೇಡಿ. ಅವುಗಳ ಮುದ್ರಿತ ಪ್ರತಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ, ಅಂದರೆ ಆ ಪ್ರತಿ ಯಾವ ಫೋನಿನಿಂದ ಹೇಗೆ ತೆಗೆದದ್ದು ಎಂಬ ದೃಢೀಕರಣ, ಬೇಕಾಗುತ್ತದೆ.

ಅರ್ಜಿಗಾಗಿ ಹುಬ್ಬಳ್ಳಿಗೇ ಓಡಾಡಬೇಕಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಕಡೆಯೇ ಸಲ್ಲಿಸಬಹುದು, ಅಂದರೆ ನಿಮಗೆ ಹಾವೇರಿ ಜಿಲ್ಲೆ. ವಕೀಲರ ಶುಲ್ಕಕ್ಕೆ ತೊಂದರೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ 15100.

ಇನ್ನು ರಾಜಿ ಪತ್ರ. ಅದು ನಿಮಗೆ ವಿರುದ್ಧವೆಂದು ಹೆದರಿ ಮುಚ್ಚಿಡಬೇಡಿ. 'ಇನ್ನು ಮುಂದೆ ಕೈ ಮಾಡುವುದಿಲ್ಲ' ಎಂದು ಗಂಡ ಸಹಿ ಹಾಕಿದ್ದರೆ, ಮೊದಲು ಕೈ ಮಾಡಿದ್ದನ್ನು ಅವರೇ ಒಪ್ಪಿದಂತೆ. ನಿಮ್ಮ ಕ್ಷಮೆ ಷರತ್ತಿನದಾಗಿತ್ತು ಎಂಬುದಕ್ಕೂ ಅದೇ ಆಧಾರ. ಮೂಲ ಪ್ರತಿ ಹಿರಿಯರ ಬಳಿ ಇದ್ದರೆ ಈಗಲೇ ಕೇಳಿ ಪಡೆಯಿರಿ. ಕೊಡದಿದ್ದರೆ, ಅದನ್ನು ತಂದು ಹಾಜರುಪಡಿಸುವಂತೆ ಅವರಿಗೆ ಸಮನ್ಸ್ ಕಳಿಸಲು ಕೋರ್ಟನ್ನು ಕೋರಬಹುದು.