ಡ್ರೋನ್ ತಾನೇ ಹಾರಿದರೂ ಹೊಣೆ ಯಾರದು?

(ತಿಕೋಟಾದ ದ್ರಾಕ್ಷಿ ಬೆಳೆಗಾರರೊಬ್ಬರ ಪತ್ರದ ಸಾರ: "ಔಷಧ ಸಿಂಪಡಿಸುವ ಡ್ರೋನ್ ಕೊಳ್ಳಲು ಹೊರಟರೆ ನೋಂದಣಿ, ಪೈಲಟ್ ಪ್ರಮಾಣಪತ್ರ, ವಲಯ ಎಂದು ನೂರೆಂಟು ತಕರಾರು. ಈಗಿನ ಎಐ ಯಂತ್ರ ತಾನೇ ನೋಡಿಕೊಂಡು ಹಾರುತ್ತದೆಯಂತೆ. ಹೀಗಿರುವಾಗ ರೈತನಿಗೇಕೆ ಇಷ್ಟು ಕಾನೂನು?")

ಮಾನ್ಯರೇ,

ನಿಮ್ಮ ಬೇಸರಕ್ಕೆ ಕಾರಣವಿದೆ. 2021ರ ಮಾರ್ಚ್‌ನಲ್ಲಿ ಬಂದ ನಿಯಮಗಳಲ್ಲಿ ಅರ್ಜಿ ನಮೂನೆಗಳೇ 25, ಶುಲ್ಕಗಳು 72 ಬಗೆ. ಐದೇ ತಿಂಗಳಲ್ಲಿ ಅವುಗಳನ್ನು ಕೈಬಿಟ್ಟು, ಆಗಸ್ಟ್‌ನಲ್ಲಿ ತಂದ ಡ್ರೋನ್ ನಿಯಮಗಳಲ್ಲಿ ನಮೂನೆ 5ಕ್ಕೆ, ಶುಲ್ಕ 4ಕ್ಕೆ ಇಳಿದವು. ವಿಮಾನ ನಿಲ್ದಾಣದ ಸುತ್ತಲಿನ, ಹಾರಿಸಲು ಅನುಮತಿ ಬೇಕಾದ ಹಳದಿ ವಲಯ 45 ಕಿ.ಮೀ.ನಿಂದ 12ಕ್ಕೆ ಕುಗ್ಗಿತು. ಅಂಥ ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿಯೇ ಬೇಡ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಂಥ ಕಡೆ ಹತ್ತಿರದ ರೈತರಿಗೆ ಈ ವಿನಾಯಿತಿ ಇಲ್ಲ. ಅಲ್ಲಿ ಪ್ರಯಾಣಿಕರ ವಿಮಾನ ಇಳಿಯುತ್ತದೆ, ವಾಯುಪಡೆಯ ನೆಲೆಯೂ ಇದೆ. ಅದನ್ನು ಕಿರುಕುಳವೆನ್ನಲು ನನಗೆ ಮನಸ್ಸಾಗದು.

ನಿಮ್ಮ ತೋಟವನ್ನೇ ನೋಡಿ. ಪಕ್ಕದ ಕಬ್ಬಿನ ಗದ್ದೆಗೆ ಕಳೆ ಸಾಯಲೆಂದು 2,4-ಡಿ ಹೊಡೆಯುತ್ತಾರೆ. ಗಾಳಿ ಬೀಸಿ ಅದರ ತುಂತುರು ನಿಮ್ಮ ಬಳ್ಳಿಯ ಮೇಲೆ ಬಿದ್ದರೆ ಎಳೆ ಎಲೆ ಕಿರಿದಾಗಿ ಬೀಸಣಿಗೆಯಂತೆ ಮಡಚಿಕೊಳ್ಳುತ್ತದೆ, ನರಗಳು ಒತ್ತಾಗುತ್ತವೆ, ಹೂ ಬಿಡುವ ಹೊತ್ತಾಗಿದ್ದರೆ ಕಾಯಿ ಕಚ್ಚುವುದೂ ಕಷ್ಟ. ವರ್ಷದ ದುಡಿಮೆ ಹೋಗುತ್ತದೆ. ಹೊಡೆದದ್ದು ಬೆನ್ನಿಗೆ ಪಂಪು ಕಟ್ಟಿಕೊಂಡ ಆಳಾಗಿದ್ದರೆ ಯಾರ ಬಳಿ ಹೋಗಿ ಕೇಳಬೇಕೆಂದು ನಿಮಗೆ ಗೊತ್ತು. ಎಐ ಡ್ರೋನ್ ತಾನೇ ದಾರಿ ಆರಿಸಿ ಹೊಡೆದರೆ? ಒಡೆಯನೋ, ಬಾಡಿಗೆಗೆ ಹಾರಿಸಿದವನೋ, ತಯಾರಿಸಿದ ಕಂಪನಿಯೋ? ನೋಂದಣಿ ಇಲ್ಲದಿದ್ದರೆ ಆ ಯಂತ್ರ ಯಾರದೆಂದು ಪತ್ತೆ ಹಚ್ಚುವುದೇ ಕಷ್ಟ.

2021ರ ಆಗಸ್ಟ್‌ನ ಡ್ರೋನ್ ನಿಯಮಗಳು ಇದಕ್ಕೆ ಒಂದು ಬುನಾದಿ ಹಾಕಿವೆ: 250 ಗ್ರಾಂ ಮೀರಿದ ಡ್ರೋನಿಗೆ ಮೂರನೆಯವರ ವಿಮೆ ಬೇಕು, ಪರಿಹಾರಕ್ಕೆ ಮೋಟಾರು ವಾಹನ ಕಾಯ್ದೆಯ ದಾರಿಯೇ ಅನ್ವಯ. ಆದರೆ ಆ ಕಾಯ್ದೆ ಬರೆದಾಗ ಸ್ಟೇರಿಂಗ್ ಹಿಡಿದವನು ಮನುಷ್ಯ. ಡ್ರೋನಿನ ಮಾದರಿಯನ್ನು ಒಮ್ಮೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತಾರೆ. ಕಲಿಯುವ ತಂತ್ರಾಂಶ ಅಲ್ಲಿಗೇ ನಿಲ್ಲುವುದಿಲ್ಲ, ಆಮೇಲೂ ಬದಲಾಗಬಹುದು. ವಿಮಾನಗಳ ವಿಷಯದಲ್ಲಿ ಈ ಎಚ್ಚರ ಹಳೆಯದು: ತಂತ್ರಾಂಶದ ಪ್ರತಿ ಸಾಲೂ ಯಾವ ಅಗತ್ಯಕ್ಕೆ ಬಂತೆಂದು ತೋರಿಸಬೇಕು. ಕಲಿತ ಯಂತ್ರಕ್ಕೆ ಹಾಗೆ ತೋರಿಸಲಾಗದು. ಅದಕ್ಕಾಗಿಯೇ ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಮೊದಲಿಗೆ, ಕಲಿಕೆ ಮುಗಿಸಿ ಹಾರುವಾಗ ಬದಲಾಗದ ವ್ಯವಸ್ಥೆಗಳನ್ನಷ್ಟೇ ಕೈಗೆತ್ತಿಕೊಂಡಿತು. ನಮ್ಮಲ್ಲೂ 1934ರ ವಿಮಾನ ಕಾಯ್ದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಅದರಡಿ ಈ ಹೊಣೆಯನ್ನು ಬಿಡಿಸಿ ಬರೆಯಬೇಕು, ಬೆಳೆ ಸುಟ್ಟ ಮೇಲಲ್ಲ, ಈಗಲೇ.

ಡ್ರೋನ್ ಅಗತ್ಯವಾಗಿ ಕೊಳ್ಳಿರಿ. ಆದರೆ ಮಾರುವವರಿಂದ ಆ ಮಾದರಿಯ ಡ್ರೋನಿಗೆ ಸಿಕ್ಕ ಪ್ರಮಾಣಪತ್ರದ ಪ್ರತಿ ಕೇಳಿ. ತಂತ್ರಾಂಶ ಬದಲಾದರೆ ತಪ್ಪಿಗೆ ಯಾರು ಹೊಣೆ, ಹಾರಾಟದ ದಾಖಲೆ ಯಾರ ಬಳಿ ಇರುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

– ಸಂಪಾದಕ